ಆಂಗ್ಲರ ‘ಓನ್ಲಿ’, ಕನ್ನಡದ ಏಕಾರ

ತುಂಗಭದ್ರೆಯ ದಂಡೆಯ ಮೇಲಿರುವ ಐರಣಿಯಂಥ ಊರಿನ ಹುಡುಗನೊಬ್ಬನನ್ನು ಇಂಗ್ಲಿಷ್ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ, ‘ನಿನ್ನ ಪುಸ್ತಕವೆಲ್ಲಿ?’ ಎಂದು ಅದೇ ಭಾಷೆಯಲ್ಲಿ ಕೇಳಿದರೆ, ಅವನು ಚೀಲದ ಮೇಲೆ ಕೈಯಿಟ್ಟು ‘ಇಟ್ ಈಸ್ ಹಿಯರ್ ಓನ್ಲಿ, ಸರ್’ ಎನ್ನುತ್ತಾನೆ. ರಾಣಿಬೆನ್ನೂರು, ಬ್ಯಾಡಗಿ, ಹಾವೇರಿಗಳ ಹುಡುಗರೂ ಹಾಗೆಯೇ ಅನ್ನುತ್ತಾರೆ. ಬೆಂಗಳೂರಿನಲ್ಲಿ ಶಿಶುವಿಹಾರದಿಂದಲೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ದೊಡ್ಡ ಹುದ್ದೆಗೇರಿದವರ ಬಾಯಲ್ಲಿಯೂ ಈ ‘ಓನ್ಲಿ’ ತಪ್ಪಿದ್ದಲ್ಲ. ಅವರದನ್ನು ಕೇಳಿ ಯಾರೂ ನಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಹಳ್ಳಿಯ ಹುಡುಗನ ಪಾಲಿಗೆ ಮಾತ್ರ ತರಗತಿಯ ನಗೆ, ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯ ಗೆರೆ. ಆ ಗೆರೆ ‘ಇದು ತಪ್ಪು’ ಎಂದು ಹೇಳುತ್ತದೆ. ಏಕೆ ತಪ್ಪು ಎಂದು ಹೇಳುವುದಿಲ್ಲ. ಹೇಳಲು ಅದಕ್ಕೆ ಬರುವುದೂ ಇಲ್ಲ. ಆ ತಪ್ಪಿನ ಮೂಲವಿರುವುದು ಇಂಗ್ಲಿಷ್ ವ್ಯಾಕರಣದಲ್ಲಲ್ಲ, ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವ ಕನ್ನಡ ವ್ಯಾಕರಣದ ಪಾಠದಲ್ಲಿ. ಈ ಎರಡು ಕೋಣೆಗಳ ನಡುವೆ ಇರುವ ಒಂದು ಗೋಡೆಯೇ ಹುಡುಗನ ತಪ್ಪಿಗೆ ಕಾರಣವೆಂದರೆ ಅತಿಶಯೋಕ್ತಿಯಾಗದು.

ಮೊದಲು ಆ ಪರದೇಶದ ಶಬ್ದದ ಕುಲಗೋತ್ರವನ್ನು ನೋಡಬಹುದು. ‘ಓನ್ಲಿ’ ಎಂಬುದು ಹಳೆಯ ಇಂಗ್ಲಿಷಿನ ‘ಒಂದು’ ಎಂಬರ್ಥದ ಶಬ್ದಕ್ಕೆ ‘ಅದರಂತಿರುವ’ ಎಂಬರ್ಥದ ಪ್ರತ್ಯಯ ಸೇರಿ ಹುಟ್ಟಿದ್ದು. ‘ಒಂದರಂತಿರುವುದು’, ಅರ್ಥಾತ್ ಜೊತೆಯಿಲ್ಲದ್ದು ಎಂದು ಅದರ ಮೂಲಾರ್ಥ. ಕನ್ನಡದ ‘ಒಂದೇ’ ಎಂಬಲ್ಲಿಯೂ ಇರುವುದು ಒಂದೆಂಬ ಸಂಖ್ಯೆ ಮತ್ತು ಒಂದು ಏಕಾರ. ಎರಡು ದೂರದ ಭಾಷೆಗಳು ಒಂದೇ ಸಂಖ್ಯೆಯಿಂದ ಹೊರಟು ಬೇರೆ ಬೇರೆ ದಾರಿ ಹಿಡಿದವು. ಇಂಗ್ಲಿಷಿನ ಶಬ್ದ ಕ್ರಿಯಾವಿಶೇಷಣವಾಯಿತು, ವಿಶೇಷಣವೂ ಆಯಿತು, ಕೆಲವೊಮ್ಮೆ ‘ಆದರೆ’ ಎಂಬರ್ಥದ ಉಭಯಾನ್ವಯಿಯೂ ಆಯಿತು. ಒಬ್ಬನೇ ಮಗನನ್ನು ಹೇಳುವಾಗ ಅದು ವಿಶೇಷಣ. ಹತ್ತೇ ರೂಪಾಯಿ ಉಳಿದಿದೆ ಎನ್ನುವಾಗ ಕ್ರಿಯಾವಿಶೇಷಣ. ‘ಬರುತ್ತಿದ್ದೆ, ಆದರೆ ಜ್ವರ ಬಂತು’ ಎನ್ನುವಾಗ ಉಭಯಾನ್ವಯಿ. ‘ಇಫ್’ ಎಂಬುದರ ಜೊತೆ ಕೂಡಿದರೆ ಹಂಬಲವನ್ನು ಸೂಚಿಸುತ್ತದೆ: ‘ಒಂದು ಮಳೆಯಾದರೂ ಆಗಿದ್ದರೆ!’ ಎಂದು ರೈತ ಆಕಾಶ ನೋಡುತ್ತಾನಲ್ಲ, ಆ ಅರ್ಥ. ಆದರೆ ಈ ಎಲ್ಲ ಬಳಕೆಗಳ ಬುಡದಲ್ಲಿ ಒಂದೇ ಕೆಲಸವಿದೆ. ಹೇಳಿದ್ದೊಂದನ್ನು ಉಳಿಸಿಕೊಂಡು ಉಳಿದುದನ್ನು ಹೊರಗಿಡುವುದು. ಬೇಲಿ ಹಾಕುವ ಶಬ್ದವದು.

ಕನ್ನಡದಲ್ಲಿ ಈ ಬೇಲಿಯ ಕೆಲಸಕ್ಕೆ ಒಬ್ಬ ಆಳಲ್ಲ, ನಾಲ್ಕಾರು ಆಳುಗಳು. ‘ಮಾತ್ರ’ ಎಂಬುದು ಅಳತೆಯನ್ನು ಹೇಳುವ ಸಂಸ್ಕೃತ ಶಬ್ದ. ಛಂದಸ್ಸಿನ ಮಾತ್ರೆಯೂ ವೈದ್ಯರು ಕೊಡುವ ಮಾತ್ರೆಯೂ ಅದರ ಬಳಗದವೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ರಸೀದಿಯಲ್ಲಿ ‘ಐದು ಸಾವಿರ ರೂಪಾಯಿ ಮಾತ್ರ’ ಎಂದು ಬರೆಯುವುದು ಅಳತೆ ಅಲ್ಲಿಗೆ ಮುಗಿಯಿತು, ಮುಂದೆ ಯಾರೂ ಒಂದಕ್ಷರ ಸೇರಿಸಬಾರದು ಎಂಬುದಕ್ಕೆ. ಬ್ಯಾಂಕಿನ ಚೆಕ್ಕಿನ ಮೇಲೆ ಇಂಗ್ಲಿಷಿನಲ್ಲಿ ‘ಓನ್ಲಿ’ ಎಂದು ಬರೆಯುವುದೂ ಅದಕ್ಕೇ. ಇಲ್ಲಿ ಎರಡು ಶಬ್ದಗಳೂ ಸರಿಸಮ. ಹುಡುಗನಿಗೆ ಈ ಒಂದು ಉದಾಹರಣೆಯನ್ನು ಮೊದಲು ತೋರಿಸಬೇಕು. ‘ಬರಿ’ ಎಂಬುದು ಅಚ್ಚಗನ್ನಡದ ಬರಿದುತನ. ಬರಿಗಾಲು, ಬರಿಗೈ ಎಂಬಲ್ಲಿರುವುದೇ ‘ಬರೇ ರೊಟ್ಟಿ ತಿಂದ’ ಎಂಬಲ್ಲಿಯೂ ಇರುವುದು. ರೊಟ್ಟಿಯ ಪಕ್ಕದಲ್ಲಿ ಪಲ್ಯವಿಲ್ಲದ ಬಡತನವನ್ನು ಆ ಶಬ್ದ ತೋರಿಸುತ್ತದೆ, ‘ಮಾತ್ರ’ ಎಂಬುದು ತೋರಿಸುವುದಿಲ್ಲ. ‘ಅಷ್ಟೆ’ ಎಂಬುದು ಮಾತಿನ ಕೊನೆಯಲ್ಲಿ ಬಂದು ‘ಹೇಳಿದೆ, ಅಷ್ಟೆ’ ಎಂದು ಜವಾಬ್ದಾರಿಯನ್ನು ಕೆಳಗಿಳಿಸುತ್ತದೆ. ‘ಕೇವಲ’ ಎಂಬ ಶಬ್ದದ ಕಥೆ ವಿಚಿತ್ರವಾದುದು. ಜೈನ ಕವಿಗಳಲ್ಲಿ ಕೇವಲಜ್ಞಾನವೆಂದರೆ ಪರಿಪೂರ್ಣವಾದ, ಮತ್ತಾವುದನ್ನೂ ಅವಲಂಬಿಸದ ಜ್ಞಾನ, ಅದಕ್ಕಿಂತ ಮೇಲಿಲ್ಲ. ಇಂದು ಒಬ್ಬನನ್ನು ‘ಕೇವಲವಾಗಿ’ ಕಾಣುವುದೆಂದರೆ ಅದಕ್ಕಿಂತ ಕೆಳಗಿಲ್ಲ. ಶಿಖರದಿಂದ ಕಣಿವೆಗೆ ಬಿದ್ದ ಶಬ್ದಗಳ ಪಟ್ಟಿ ಮಾಡಿದರೆ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು. ಈಚೆಗೆ ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ‘ಕೇವಲ ಇಬ್ಬರು ಮಾತ್ರವೇ’ ಎಂಬ ಪ್ರಯೋಗ ಸಾಮಾನ್ಯವಾಗಿದೆ. ಒಂದು ಬಾಗಿಲಿಗೆ ಮೂರು ಬೀಗ! ‘ಇಬ್ಬರೇ’ ಎಂದರೆ ಸಾಕಾಗಿದ್ದ ಕಡೆ ಇಷ್ಟು ಕಬ್ಬಿಣವೇಕೆ?

ಹಾಗೆ ಬೀಗವೆಂದು ಕರೆಯಿಸಿಕೊಂಡ ಆ ಏಕಾರವೇ ಇಲ್ಲಿ ಮುಖ್ಯ ವಿಚಾರ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಕೊನೆಯದನ್ನು ಅವ್ಯಯಕ್ಕೆ ಮೀಸಲಿಟ್ಟ. 1604ರಲ್ಲಿ ಭಟ್ಟಾಕಳಂಕದೇವ ಸಂಸ್ಕೃತ ಸೂತ್ರಗಳಲ್ಲಿ ಶಬ್ದಾನುಶಾಸನವನ್ನು ರಚಿಸಿ ಕನ್ನಡದ ವ್ಯಾಕರಣಕ್ಕೆ ಪಾಣಿನೀಯದ ಗೌರವ ತಂದ. ಈ ಪರಂಪರೆಯಿಂದ ಇಳಿದುಬಂದ ಪಾರಿಭಾಷಿಕ ಪದವೇ ‘ಅವಧಾರಣೆ’, ಅಂದರೆ ನಿಶ್ಚಯಪಡಿಸಿ ಹೇಳುವುದು. ಇಂದಿನ ಪ್ರೌಢಶಾಲೆಯ ಪಠ್ಯದಲ್ಲಿಯೂ ‘ಅವಧಾರಣಾರ್ಥಕಾವ್ಯಯ’ ಎಂಬ ಹೆಸರಿದೆ, ಅದರ ಮುಂದೆ ‘ನಾನೇ, ನೀನೇ, ಅದುವೇ’ ಎಂಬ ಉದಾಹರಣೆಗಳಿವೆ. ಹುಡುಗರು ಅದನ್ನು ಒಂದಂಕದ ಪ್ರಶ್ನೆಗೆ ಕಂಠಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ದಿನಕ್ಕೆ ನೂರು ಸಲ ಬಾಯಿಂದ ಹೊರಡುವ ಅಕ್ಷರವೊಂದು ಪುಸ್ತಕದಲ್ಲಿ ಈ ರೀತಿ ಹೆಣವಾಗಿ ಮಲಗಿರುವುದು ಶೋಚನೀಯ.

ಆ ಅಕ್ಷರದ ಶಕ್ತಿಯನ್ನು ಒಂದು ವಾಕ್ಯದಲ್ಲಿ ಪರೀಕ್ಷಿಸಬಹುದು. ‘ಗೌಡರು ನಿನ್ನೆ ಮಠಕ್ಕೆ ಐದು ಚೀಲ ಜೋಳ ಕೊಟ್ಟರು.’ ಇದು ಸಪ್ಪೆಯಾದ ವರ್ತಮಾನ. ‘ಗೌಡರೇ’ ಎಂದರೆ ಬೇರೆಯವರು ಕೊಡಲಿಲ್ಲ, ಅಥವಾ ಆಳಿನ ಕೈಯಲ್ಲಿ ಕಳಿಸದೆ ಸ್ವತಃ ಬಂದರು. ‘ನಿನ್ನೆಯೇ’ ಎಂದರೆ ಇವತ್ತಿನವರೆಗೆ ಕಾಯಿಸಲಿಲ್ಲ. ‘ಮಠಕ್ಕೇ’ ಎಂದರೆ ಮತ್ತೆಲ್ಲಿಗೂ ಅಲ್ಲ. ‘ಐದೇ ಚೀಲ’ ಎಂದರೆ ಹೇಳುವವನಿಗೆ ತೃಪ್ತಿಯಾಗಿಲ್ಲ. ‘ಜೋಳವನ್ನೇ’ ಎಂದರೆ ಭತ್ತ ಕೊಡುವರೆಂದು ಯಾರೋ ಎಣಿಸಿದ್ದರು. ‘ಕೊಟ್ಟೇ ಕೊಟ್ಟರು’ ಎಂದರೆ ಕೊಡುವರೋ ಇಲ್ಲವೋ ಎಂಬ ಸಂಶಯ ಊರಲ್ಲಿತ್ತು. ಅಕ್ಷರ ಒಂದು, ಕುಳಿತ ಸ್ಥಳ ಆರು, ಅರ್ಥ ಅದಕ್ಕೂ ಹೆಚ್ಚು. ಅದು ಯಾವ ಶಬ್ದವನ್ನು ಹಿಡಿದುಕೊಂಡಿದೆ ಎಂಬ ಬಗ್ಗೆ ಎಳ್ಳಷ್ಟೂ ಸಂದೇಹವಿಲ್ಲ. ಶಬ್ದದ ಬೆನ್ನಿಗೇ ಅಂಟಿಕೊಂಡಿರುತ್ತದೆ.

ತರ್ಕಶಾಸ್ತ್ರವನ್ನು ಪಾಠಶಾಲೆಯ ಕ್ರಮದಲ್ಲಿ ಓದಿದವರಿಗೆ ಇಲ್ಲಿ ಸಂಸ್ಕೃತದ ‘ಏವ’ಕಾರದ ವಿಚಾರ ನೆನಪಿಗೆ ಬಂದೇ ಬರುತ್ತದೆ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ಏವ’ ಎಂಬುದರ ಅರ್ಥವನ್ನು ಮೂರಾಗಿ ವಿಂಗಡಿಸಿದ. ಮುಂದೆ ನೈಯಾಯಿಕರೂ ಅದನ್ನು ಸ್ವೀಕರಿಸಿ ಬೆಳೆಸಿದರು. ವಿಶೇಷಣದ ಜೊತೆ ಬಂದರೆ ಅಯೋಗವ್ಯವಚ್ಛೇದ: ‘ಶಂಖವು ಬಿಳಿಯದೇ.’ ಶಂಖಕ್ಕೂ ಬಿಳುಪಿಗೂ ಸಂಬಂಧವಿಲ್ಲದಿರುವಿಕೆಯನ್ನು ಇದು ತಳ್ಳಿಹಾಕುತ್ತದೆ. ಹಾಲೂ ಮಲ್ಲಿಗೆಯೂ ಬಿಳಿಯವಲ್ಲವೆಂದು ಹೇಳುವುದಿಲ್ಲ. ವಿಶೇಷ್ಯದ ಜೊತೆ ಬಂದರೆ ಅನ್ಯಯೋಗವ್ಯವಚ್ಛೇದ: ‘ಪಾರ್ಥನೇ ಧನುರ್ಧರ.’ ಇಲ್ಲಿ ಬಿಲ್ಲುಗಾರಿಕೆ ಇತರರಿಗೆ ಇಲ್ಲವೆಂದೇ ಅರ್ಥ. ಕ್ರಿಯೆಯ ಜೊತೆ ಬಂದರೆ ಅತ್ಯಂತಾಯೋಗವ್ಯವಚ್ಛೇದ: ‘ನೀಲಿ ತಾವರೆ ಇದ್ದೇ ಇದೆ.’ ಎಲ್ಲ ತಾವರೆಯೂ ನೀಲಿಯೆಂದಲ್ಲ; ನೀಲಿ ತಾವರೆ ಎಂಬುದೇ ಇಲ್ಲವೆಂದು ವಾದಿಸುವವನ ಬಾಯಿ ಮುಚ್ಚಿಸುವುದು. ಹೆಸರುಗಳು ಉದ್ದವಾದವು ನಿಜ. ಆದರೆ ಹೊಲಕ್ಕೆ ಹೋಗುವ ಹೆಂಗಸೂ ಈ ಮೂರನ್ನೂ ದಿನವೂ ತಪ್ಪಿಲ್ಲದೆ ಆಡುತ್ತಾಳೆ. ಶಾಸ್ತ್ರ ಕೊಟ್ಟದ್ದು ಹೆಸರನ್ನಷ್ಟೆ.

ಈಗ ‘ಓನ್ಲಿ’ಯನ್ನು ಈ ತಕ್ಕಡಿಯಲ್ಲಿಡಬೇಕು. ಇಂಗ್ಲಿಷಿನ ಶಬ್ದ ಮುಖ್ಯವಾಗಿ ಮಾಡುವುದು ಎರಡನೆಯ ಕೆಲಸವನ್ನು, ಅನ್ಯಯೋಗವ್ಯವಚ್ಛೇದವನ್ನು. ಉಳಿದೆರಡಕ್ಕೆ ಆ ಭಾಷೆ ಬೇರೆ ಆಳುಗಳನ್ನಿಟ್ಟಿದೆ. ‘ಇಲ್ಲೇ’ ಎನ್ನಲು ‘ರೈಟ್ ಹಿಯರ್’. ‘ಅದೇ’ ಎನ್ನಲು ‘ದಿ ಸೇಮ್’ ಅಥವಾ ‘ದಟ್ ವೆರಿ’. ‘ನಾನೇ ಮಾಡಿದೆ’ ಎನ್ನಲು ‘ಮೈಸೆಲ್ಫ್’. ‘ಈಗ ತಾನೇ’ ಎನ್ನಲು ‘ಜಸ್ಟ್ ನೌ’. ‘ಬಂದೇ ಬಂದ’ ಎನ್ನಲು ‘ಡಿಡ್’ ಎಂಬುದನ್ನು ಒತ್ತಿ ನುಡಿಯುವುದು. ಕನ್ನಡದ ಹುಡುಗ ಏನು ಮಾಡುತ್ತಾನೆ? ‘ಒಬ್ಬನೇ’, ‘ಹತ್ತೇ’ ಎಂಬಲ್ಲಿ ಏಕಾರಕ್ಕೆ ‘ಓನ್ಲಿ’ ಎಂದು ಕಲಿತವನು, ಏಕಾರ ಕಂಡಲ್ಲೆಲ್ಲ ಅದನ್ನೇ ಇಡುತ್ತಾನೆ; ಅದೂ ಕನ್ನಡದ ಕ್ರಮದಂತೆ ಶಬ್ದದ ಬೆನ್ನಿಗೆ. ‘ಹಿಯರ್ ಓನ್ಲಿ’, ‘ದಟ್ ಓನ್ಲಿ’, ‘ನೌ ಓನ್ಲಿ’. ಇದು ಅಜ್ಞಾನದ ಅಡ್ಡಾದಿಡ್ಡಿ ತಪ್ಪಲ್ಲ. ನಿಯಮ ಬದ್ಧವಾದ ತಪ್ಪು. ಮರಾಠಿಯ ‘ಚ’, ಹಿಂದಿಯ ‘ಹೀ’, ತೆಲುಗಿನ ಏಕಾರ, ತಮಿಳಿನ ‘ತಾನ್’ ಇವೆಲ್ಲ ಇದೇ ಬಗೆಯಲ್ಲಿ ಬೆನ್ನಿಗೆ ಅಂಟುವವಾದ್ದರಿಂದ ಭಾರತದ ಉದ್ದಗಲಕ್ಕೂ ಈ ‘ಓನ್ಲಿ’ ಕೇಳಿಬರುತ್ತದೆ. ಭಾಷಾವಿಜ್ಞಾನಿಗಳು ಇದನ್ನು ಭಾರತೀಯ ಇಂಗ್ಲಿಷಿನ ಒಂದು ಲಕ್ಷಣವೆಂದೇ ಗುರುತಿಸಿ ಚರ್ಚಿಸಿದ್ದಾರೆ.

ಹಾಗಾದರೆ ಬಿಟ್ಟುಬಿಡೋಣ, ಇದೂ ಒಂದು ಬಗೆಯ ಇಂಗ್ಲಿಷ್ ಎಂದು ಒಪ್ಪೋಣ ಎನ್ನುವವರಿದ್ದಾರೆ. ಮಾತಿನ ಮಟ್ಟಿಗೆ ಅವರ ವಾದವನ್ನು ಒಪ್ಪಬಹುದು. ಕಾಗದಕ್ಕೆ ಇಳಿದಾಗ ಮಾತು ಬೇರೆ. ಒಬ್ಬ ಯುವಕ ಯಾವುದೋ ಕಚೇರಿಗೆ ಸೋಮವಾರ ಅರ್ಜಿ ಕೊಟ್ಟಿದ್ದಾನೆಂದು ಭಾವಿಸಬೇಕು. ಅದು ಸಿಗಲಿಲ್ಲವೆಂದು ಕಚೇರಿ ಆಕ್ಷೇಪಿಸಿದಾಗ, ‘ಸೋಮವಾರವೇ ಕೊಟ್ಟಿದ್ದೇನೆ’ ಎಂಬುದನ್ನು ಅವನು ಇಂಗ್ಲಿಷಿಗೆ ತಿರುಗಿಸಿ ‘ಆನ್ ಮಂಡೇ ಓನ್ಲಿ’ ಎಂದು ಬರೆಯುತ್ತಾನೆ. ಅವನ ಮನಸ್ಸಿನಲ್ಲಿರುವ ಅರ್ಥ: ತಡ ಮಾಡಿಲ್ಲ, ಅಷ್ಟು ಮುಂಚೆ ಕೊಟ್ಟಿದ್ದೇನೆ. ದೂರದ ಊರಿನಲ್ಲಿ ಕುಳಿತು ಆಂಗ್ಲರ ಕ್ರಮದಲ್ಲಿ ಓದುವವನಿಗೆ ಕಾಣುವ ಅರ್ಥ: ಸೋಮವಾರದವರೆಗೆ ಕೊಡಲೇ ಇಲ್ಲ. ಕಾಲವನ್ನು ಹೇಳುವಾಗ ಕನ್ನಡದ ಏಕಾರ ‘ಇಷ್ಟು ಬೇಗ’ ಎನ್ನುತ್ತದೆ. ಇಂಗ್ಲಿಷಿನ ‘ಓನ್ಲಿ’ ‘ಇಷ್ಟು ತಡವಾಗಿ’ ಎನ್ನುತ್ತದೆ. ಪಾಪ, ತನ್ನ ಪರವಾಗಿ ಸಾಕ್ಷಿ ಹೇಳಲು ಹೋದವನು ತನ್ನ ವಿರುದ್ಧವೇ ಸಾಕ್ಷಿ ಹೇಳಿ ಬಂದಂತಾಯಿತು. ನಗೆಯ ಹುಡುಗಾಟವಲ್ಲ ಇದು. ಕನ್ನಡ ಶಾಲೆಯಿಂದ ಹೊರಬಿದ್ದ ಮಕ್ಕಳು ತಮ್ಮ ಅನ್ನಕ್ಕಾಗಿ ಇಂಗ್ಲಿಷಿನಲ್ಲಿ ಅರ್ಜಿ, ವರದಿ, ಉತ್ತರ ಬರೆಯಬೇಕಾದ ಕಾಲದಲ್ಲಿ ಒಂದು ಅವ್ಯಯ ಅವರನ್ನು ಹೀಗೆ ಕೈಬಿಡುವುದನ್ನು ಕಂಡೂ ಕಾಣದಂತಿರಬಾರದು.

ಈ ಸೀಮೆಯ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ಧಾರವಾಡ, ಹಾವೇರಿ ಕಡೆಯ ಆಡುಮಾತಿನಲ್ಲಿ ಗ್ರಂಥಭಾಷೆಯ ಏಕಾರ ಅನೇಕ ಕಡೆ ಅಕಾರವಾಗಿಬಿಟ್ಟಿದೆ. ‘ನಾನೇ ಬರ್ತೀನಿ’ ಎನ್ನುವುದಿಲ್ಲ, ‘ನಾನಽ ಬರ್ತೀನಿ’ ಎನ್ನುತ್ತಾರೆ. ‘ಅದೇ’ ಎಂಬುದು ‘ಅದಽ’, ‘ಹಾಗೆಯೇ’ ಎಂಬುದು ‘ಹಂಗಽ’. ಕೊನೆಯ ಅಕಾರವನ್ನು ತುಸು ಎಳೆದು, ಒತ್ತಿ ನುಡಿಯುವುದರಲ್ಲಿ ಅವಧಾರಣೆಯೆಲ್ಲ ಅಡಗಿದೆ. ಈ ಕಡೆಯ ಲೇಖಕರು ಆ ಎಳೆತವನ್ನು ಅವಗ್ರಹ ಚಿಹ್ನೆಯಿಂದ ತೋರಿಸುವ ಜಾಣ್ಮೆ ಮಾಡಿದ್ದಾರೆ. ಹುಡುಗನಿಗೆ ಅವಗ್ರಹ ಯಾರು ಕಲಿಸಬೇಕು? ಅವನು ಕನ್ನಡ ಪ್ರಬಂಧದಲ್ಲಿ ‘ಅವನ ಬಂದಿದ್ದ’ ಎಂದು ಬರೆದಾಗ ಪಂಡಿತರು ಷಷ್ಠಿ ವಿಭಕ್ತಿ ಇಲ್ಲೇಕೆ ಎಂದು ಗದರುತ್ತಾರೆ. ಅವನು ಬರೆದದ್ದು ಷಷ್ಠಿಯಲ್ಲ, ಅವಧಾರಣೆ! ಹೀಗೆ ಕನ್ನಡದ ತರಗತಿಯಲ್ಲಿ ಏಕಾರವನ್ನು ಕಳೆದುಕೊಂಡವನು ಇಂಗ್ಲಿಷ್ ತರಗತಿಯಲ್ಲಿ ಬೇಡದ ‘ಓನ್ಲಿ’ಯನ್ನು ಸೇರಿಸಿಕೊಂಡು ಎರಡೂ ಕಡೆ ಪೆಟ್ಟು ತಿನ್ನುತ್ತಾನೆ. ಅವನ ತಾಯಿಯ ಮಾತು ಮಾತ್ರ ಎಲ್ಲಿಯೂ ತಪ್ಪಿಲ್ಲ.

ಆಂಗ್ಲರಿಗಾದರೂ ತಮ್ಮ ಶಬ್ದದ ವಿಷಯದಲ್ಲಿ ನೆಮ್ಮದಿಯಿದೆಯೇ ಎಂದರೆ, ಇಲ್ಲ. ಅವರ ‘ಓನ್ಲಿ’ ಬೆನ್ನಿಗೆ ಅಂಟುವ ಪ್ರತ್ಯಯವಲ್ಲ, ವಾಕ್ಯದಲ್ಲಿ ತಿರುಗಾಡುವ ಬಿಡಿ ಶಬ್ದ. ಆದ್ದರಿಂದ ಅದು ಯಾವುದನ್ನು ಹಿಡಿದಿದೆ ಎಂಬ ಜಗಳ ತಲೆಮಾರುಗಳಿಂದ ನಡೆದಿದೆ. ಹದಿನೆಂಟನೆಯ ಶತಮಾನದಲ್ಲಿ ರಾಬರ್ಟ್ ಲೌತ್ ಎಂಬ ವೈಯಾಕರಣ, ಅದು ತಾನು ಬೇಲಿ ಹಾಕುವ ಶಬ್ದದ ಪಕ್ಕದಲ್ಲಿಯೇ ನಿಲ್ಲಬೇಕೆಂದು ವಿಧಿಸಿದ. 1926ರಲ್ಲಿ ಫೌಲರ್ ಇಂಗ್ಲಿಷ್ ಬಳಕೆಯ ಕುರಿತ ತನ್ನ ಪ್ರಸಿದ್ಧ ಕೋಶದಲ್ಲಿ, ಅರ್ಥ ಕೆಡದಿದ್ದಲ್ಲಿ ಕ್ರಿಯಾಪದದ ಹಿಂದೆ ನಿಲ್ಲುವ ಅದರ ರೂಢಿಯನ್ನು ಆಕ್ಷೇಪಿಸುವವರನ್ನು ಪರಿಹಾಸ ಮಾಡಿದ. ಆಡುವಾಗ ಅವರು ಧ್ವನಿಯ ಒತ್ತಿನಿಂದ ಸಂದೇಹ ಪರಿಹರಿಸಿಕೊಳ್ಳುತ್ತಾರೆ. ಬರೆಯುವಾಗ ವಕೀಲರು ತಲೆ ಕೆಡಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಈ ಜಗಳಕ್ಕೆ ಎಡೆಯೇ ಇಲ್ಲ. ಆದುದರಿಂದ ಹುಡುಗ ‘ಓನ್ಲಿ’ಯನ್ನು ಶಬ್ದದ ಬೆನ್ನಿಗೆ ಅಂಟಿಸುವಾಗ ಅವನೊಳಗೆ ಕೆಲಸ ಮಾಡುತ್ತಿರುವುದು ಆಂಗ್ಲರ ವ್ಯಾಕರಣಕ್ಕಿಂತ ಸ್ಪಷ್ಟವಾದ ಒಂದು ವ್ಯಾಕರಣ ಎಂಬುದನ್ನು, ತಿದ್ದುವ ಮೊದಲು, ಶಿಕ್ಷಕರು ಒಪ್ಪಬೇಕು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗಲ್ಲದೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಆಗಿರುವ ನಷ್ಟಕ್ಕೆ ಮಠಮಾನ್ಯಗಳ ವಿದ್ಯಾಸಂಸ್ಥೆಗಳಲ್ಲಿ ಎಲ್ಲರ ಕಣ್ಣೆದುರಿಗೇ ಒಂದು ನಿದರ್ಶನವಿದೆ. ಕಾಯಕ, ಕೈಲಾಸ ಎಂಬ ಎರಡು ಶಬ್ದಗಳನ್ನು ಒಂದು ಏಕಾರದಿಂದ ಬೆಸೆದ ಶರಣರ ಮಾತು ಶಾಲೆಶಾಲೆಗಳ ಗೋಡೆಯ ಮೇಲಿದೆ. ಜನರ ಬಾಯಲ್ಲಿ ಅದು ಬಸವಣ್ಣನವರ ಮಾತೆಂದು ಪ್ರಸಿದ್ಧವಾದರೂ, ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ‘ವರ್ಕ್ ಈಸ್ ವರ್ಷಿಪ್’ ಎಂದು ಬರೆಯಿಸುವ ರೂಢಿ ಬೆಳೆದಿದೆ. ಕೈಲಾಸ ಪೂಜೆಯಾದುದು ಒಂದು ದೋಷ, ಅದಿರಲಿ. ಅದಕ್ಕಿಂತ ದೊಡ್ಡ ದೋಷ, ಏಕಾರ ಮಾಯವಾದುದು. ಆ ವಚನದಲ್ಲಿ ಮಾರಯ್ಯ ಹೇಳುವುದೇನು? ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಎದುರಿಗೆ ಜಂಗಮ ನಿಂತರೂ ದಾಕ್ಷಿಣ್ಯಕ್ಕೆ ಒಳಗಾಗಬಾರದು ಎಂದು. ಇಷ್ಟು ನಿಷ್ಠುರವಾಗಿ ಎಲ್ಲವನ್ನೂ ಬದಿಗಿಟ್ಟ ಮೇಲೆ ಕಾಯಕವೆಂಬ ವಿಶೇಷ್ಯಕ್ಕೆ ಏಕಾರ ಹತ್ತುತ್ತದೆ. ಶುದ್ಧವಾದ ಅನ್ಯಯೋಗವ್ಯವಚ್ಛೇದವದು: ಕೈಲಾಸ ಮತ್ತೆಲ್ಲಿಯೂ ಇಲ್ಲ. ಇಂಗ್ಲಿಷಿನ ಮೂರು ಶಬ್ದಗಳು ಹೇಳುವುದಾದರೋ, ಕೆಲಸವೂ ಒಂದು ಬಗೆಯ ಪೂಜೆ ಎಂದು ಯಾರೂ ತಲೆದೂಗಬಹುದಾದ ಸಾಧು ಮಾತನ್ನು. ಪೂಜೆ ಇದ್ದಲ್ಲಿಯೇ ಇರುತ್ತದೆ, ಕೆಲಸ ಅದರ ಪಕ್ಕದಲ್ಲಿ ಬಂದು ಕೂರುತ್ತದೆ. ಶರಣರ ಕ್ರಾಂತಿಯ ಕತ್ತಿಯಂಚು ಇದ್ದುದು ಆ ಒಂದಕ್ಷರದಲ್ಲಿ. ಅದನ್ನು ಬಿಟ್ಟು ಹಿಡಿಯನ್ನು ಮಾತ್ರ ಪರದೇಶಕ್ಕೆ ಕಳಿಸಿದಂತಾಗಿದೆ. ‘ಓನ್ಲಿ’ ಅಥವಾ ‘ಅಲೋನ್’ ನಿಜವಾಗಿ ಬೇಕಾಗಿದ್ದುದು ಇಲ್ಲಿ! ಎಲ್ಲೆಲ್ಲೋ ಬೇಡದಲ್ಲಿ ಅದನ್ನು ಚೆಲ್ಲುವವರು ಬೇಕಾದಲ್ಲಿ ಮರೆತರು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಹತ್ತು ವರ್ಷ ಕಲಿತ ಮೇಲೂ ‘ಹಿಯರ್ ಓನ್ಲಿ’ ಹೋಗಿಲ್ಲವೆಂದರೆ ಕಲಿಸಿದ ವರ್ಷಗಳ ಕೊರತೆಯಲ್ಲ ಅದು, ಕಲಿಸಿದ ಕ್ರಮದ ಕೊರತೆ. ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯಿಂದ ಬಂದವರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕೆ ಇಪ್ಪತ್ತೆರಡು ವರ್ಷ ಮೊದಲೇ, 1872ರಲ್ಲಿ, ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚುಹಾಕಿಸಿದ್ದರು. ಎರಡು ಭಾಷೆಗಳ ನಡುವೆ ಸೇತುವೆ ಕಟ್ಟುವ ಮುಂಚೆ ಕೇಶಿರಾಜನ ಬಾಗಿಲಲ್ಲಿ ಕುಳಿತು ಬಂದವರು ಅವರು. ಇಂದಿನ ಶಾಲೆಗಳಲ್ಲಿ ಕನ್ನಡ ಪಂಡಿತರೂ ಇಂಗ್ಲಿಷ್ ಮಾಸ್ತರರೂ ಒಂದೇ ಶಿಕ್ಷಕರ ಕೊಠಡಿಯಲ್ಲಿ ಚಹಾ ಕುಡಿಯುತ್ತಾರೆ. ಒಬ್ಬರ ಪಾಠ ಇನ್ನೊಬ್ಬರ ಪಾಠಕ್ಕೆ ಸಂಬಂಧಿಸಿದ್ದೆಂದು ಇಬ್ಬರೂ ಎಣಿಸುವುದಿಲ್ಲ. ಪಂಡಿತರಿಗೆ ‘ಅವಧಾರಣೆ’ ಗೊತ್ತು, ಅದು ಇಂಗ್ಲಿಷಿನಲ್ಲಿ ಎಷ್ಟು ಹೋಳಾಗುತ್ತದೆಂದು ಗೊತ್ತಿಲ್ಲ. ಮಾಸ್ತರರಿಗೆ ‘ಓನ್ಲಿ’ಯ ಸ್ಥಾನ ಗೊತ್ತು, ಹುಡುಗ ಅದನ್ನು ಎಲ್ಲಿಂದ ತಂದನೆಂದು ಗೊತ್ತಿಲ್ಲ. ಈ ಆರೋಪದಲ್ಲಿ ಹೆಚ್ಚಿನ ಪಾಲು ಪಂಡಿತರದೇ ಎನ್ನಬೇಕಾಗುತ್ತದೆ. ಪ್ರತ್ಯಯಗಳ ಪಟ್ಟಿಯನ್ನು ಉರು ಹೊಡೆಸಿ, ಅದರ ಜೀವವನ್ನು ತೋರಿಸದೆ ಬಿಟ್ಟವರು ಅವರು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎಂಟನೆಯ ತರಗತಿಯಲ್ಲಿ ಅವ್ಯಯದ ಪಾಠ ಬಂದ ವಾರ ಇಬ್ಬರೂ ಒಂದು ಅವಧಿ ಜೊತೆಯಾಗಿ ತರಗತಿಗೆ ಹೋಗಬಹುದು. ಗೌಡರ ಐದು ಚೀಲ ಜೋಳವನ್ನು ಕಪ್ಪುಹಲಗೆಯ ಮೇಲೆ ಬರೆದು ಏಕಾರವನ್ನು ಆರು ಕಡೆ ಕೂರಿಸಬೇಕು. ಹುಡುಗರೇ ಅರ್ಥ ಹೇಳುತ್ತಾರೆ, ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಒಂದೊಂದಕ್ಕೂ ಎದುರಿನಲ್ಲಿ ಇಂಗ್ಲಿಷನ್ನು ಬರೆಯಬೇಕು. ಎಲ್ಲಿ ‘ಓನ್ಲಿ’ ನಿಲ್ಲುತ್ತದೆ, ಎಲ್ಲಿ ‘ಮೈಸೆಲ್ಫ್’, ಎಲ್ಲಿ ‘ರೈಟ್’, ಎಲ್ಲಿ ಒತ್ತಿ ನುಡಿದ ‘ಡಿಡ್’. ಸೋಮವಾರದ ಅರ್ಜಿಯನ್ನು ಮರೆಯಬಾರದು. ಕೊನೆಗೆ ಯಾವನಾದರೂ ಹುಡುಗನ ಮನೆಯಿಂದ ಬ್ಯಾಡಗಿ ಪೇಟೆಯ ಹಳೆಯ ರಸೀದಿಯೊಂದನ್ನು ತರಿಸಿ, ಅಂಕಿಯ ಮುಂದಿನ ‘ಮಾತ್ರ’ ಎಂಬುದನ್ನು ಬೆರಳಿಟ್ಟು ತೋರಿಸಬೇಕು. ಅವರ ಅಪ್ಪಂದಿರು ವರ್ಷವರ್ಷವೂ ಆ ಶಬ್ದದ ಕೆಳಗೇ ಹೆಬ್ಬೆಟ್ಟನ್ನೋ ಸಹಿಯನ್ನೋ ಹಾಕಿ ಬಂದಿರುತ್ತಾರೆ.